ಏಳರ ಮೇಲೆ ಐದು: ನಾಲ್ಕು ಕೈಗಳಿಗೆ ಬರೆದ ಒಂದು ಪಿಯಾನೊ ಯುಗಳ

ಒಂದೇ ಪಿಯಾನೊದ ಮುಂದೆ ಇಬ್ಬರು ಕುಳಿತು ನುಡಿಸುವ ರಚನೆಯೊಂದನ್ನು ಬರೆಯತೊಡಗಿದಾಗ ನನ್ನ ತಲೆಯಲ್ಲಿದ್ದುದು ಮಾಧುರ್ಯವಲ್ಲ, ಲೆಕ್ಕ. ಕೆಳಗಿನ ಅರ್ಧವನ್ನು ನುಡಿಸುವ ಸೆಕೊಂಡೊ 7 ಕ್ವೇವರ್‌ಗಳ, ಅಂದರೆ ಒಂದೇ ಉದ್ದದ 7 ಕಿರು ಸ್ವರಗಳ, ಆವರ್ತವನ್ನು 2+2+3 ಎಂದು ಒಡೆದು ಬಿಡದೆ ನಡೆಸುತ್ತಿರಬೇಕು. ಮೇಲಿನ ಅರ್ಧದ ಪ್ರೀಮೊ ಅದರ ಮೇಲೆ 5 ಕ್ವೇವರ್‌ಗಳ ಸ್ವರಗುಚ್ಛವೊಂದನ್ನು ಮತ್ತೆ ಮತ್ತೆ ಹೇರಬೇಕು. ಇಬ್ಬರೂ ಒಟ್ಟಿಗೆ ಹೊರಟರೆ 35 ಕ್ವೇವರ್‌ಗಳು ಕಳೆದ ಮೇಲೆ, ಅಂದರೆ 7/8ರ (ಒಂದೊಂದರಲ್ಲಿ 7 ಕ್ವೇವರ್‌ಗಳಿರುವ) ಐದು ಬಾರ್‌ಗಳು ಮುಗಿದಾಗ, ಮತ್ತೆ ಒಂದೇ ಜಾಗದಲ್ಲಿ ಕೂಡುತ್ತಾರೆ. ನಿಮಿಷಕ್ಕೆ 132 ಕ್ರಾಚೆಟ್‌ಗಳ (ಒಂದು ಕ್ರಾಚೆಟ್ ಎರಡು ಕ್ವೇವರ್‌ಗಳಿಗೆ ಸಮ) ವೇಗದಲ್ಲಿ ಅದು ಸುಮಾರು 8 ಸೆಕೆಂಡುಗಳ ಸುತ್ತು. ಕೇಳುವವರ ಕಿವಿಗೆ ದಾರಿ ತಪ್ಪಿತೆನ್ನಿಸುವಷ್ಟರಲ್ಲಿ ಎರಡೂ ಕೂಡಿಕೊಳ್ಳುವ ಆ ಅಳತೆ ನನಗೆ ಹಿಡಿಸಿತು.

ಇಂಥದ್ದನ್ನು ಬರೆಯುವ ಆಸೆ ಹುಟ್ಟಿದ್ದು ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ 1967ರಲ್ಲಿ ರಚಿಸಿದ ‘ಪಿಯಾನೊ ಫೇಸ್’ ಕೇಳಿದ ಮೇಲೆ. ಅಲ್ಲಿ ಇಬ್ಬರು ವಾದಕರು 12 ಸ್ವರಗಳ ಒಂದೇ ಮಾದರಿಯನ್ನು ಮೊದಲು ಒಂದೇ ವೇಗದಲ್ಲಿ ಒಟ್ಟಿಗೆ ನುಡಿಸುತ್ತಾರೆ. ಬಳಿಕ ಒಬ್ಬರು ಸ್ವಲ್ಪವೇ ವೇಗ ಹೆಚ್ಚಿಸಿ ಮುಂದೆ ಸರಿಯುತ್ತಾರೆ. ಆದರೆ ಅದು ಎರಡು ಪಿಯಾನೊಗಳಿಗೆ ಬರೆದ ಕೃತಿ ಎಂಬುದರ ಅರ್ಥವನ್ನು ನಾನು ಸರಿಯಾಗಿ ಯೋಚಿಸಿರಲಿಲ್ಲ. ಎರಡು ವಾದ್ಯಗಳಿದ್ದರೆ ಇಬ್ಬರೂ ಅದೇ ಸ್ವರವನ್ನು ಅದೇ ಗಳಿಗೆಯಲ್ಲಿ ನುಡಿಸಬಹುದು. ಒಂದೇ ವಾದ್ಯದಲ್ಲಿ ಇರುವುದು 88 ಕೀಗಳು ಮಾತ್ರ. ಅವುಗಳಲ್ಲಿ ಯಾವುದೊಂದನ್ನು ಒಬ್ಬರು ಒತ್ತಿ ಹಿಡಿದಿದ್ದರೂ ಇನ್ನೊಬ್ಬರ ಪಾಲಿಗೆ ಅದು ಇಲ್ಲದಂತೆಯೇ.

ನೋಟೇಶನ್ ತಂತ್ರಾಂಶಕ್ಕೆ ಕೈಗಳಿಲ್ಲದ ಕಾರಣ ಈ ತೊಡಕು ಅದಕ್ಕೆ ತಿಳಿಯುವುದಿಲ್ಲ. ಸೆಕೊಂಡೊದ ಬಲಗೈ ಮಿಡಲ್ ಸಿಯ (ಕೀಲಿಮಣೆಯ ನಡುವಿನ ಸ್ವರ) ಪಕ್ಕದ ಡಿ ಸ್ವರವನ್ನು ಇಡೀ ಬಾರ್ ಹಿಡಿದಿರುವಾಗಲೇ ಪ್ರೀಮೊದ ಎಡಗೈ ಐದನೆಯ ಎಣಿಕೆಗೆ ಅದೇ ಡಿಯನ್ನು ಹೊಡೆಯಬೇಕೆಂದು ನಾನು ಬರೆದಿದ್ದೆ. ತಂತ್ರಾಂಶ ಅದನ್ನು ಯಾವ ತಕರಾರೂ ಇಲ್ಲದೆ ನುಡಿಸಿ ತೋರಿಸಿತು, ನಾನೂ ನಂಬಿದೆ. ಆ ಧ್ವನಿಕಡತವನ್ನು ಮೊದಲು ಮೂವರು ಪರಿಚಿತರಿಗೆ ಕಳುಹಿಸಿದಾಗ ‘ಚೆನ್ನಾಗಿದೆ’, ‘ಲಯ ಹಿಡಿದು ಕೂರಿಸುತ್ತದೆ’ ಎಂಬ ಉತ್ತರಗಳು ಬಂದವು. ತಪ್ಪು ಅವರದಲ್ಲ, ಏನನ್ನು ಗಮನಿಸಬೇಕೆಂದು ನಾನು ಕೇಳಿಯೇ ಇರಲಿಲ್ಲ. ಮೆಚ್ಚುಗೆ ಬೇಕಾಗಿದ್ದವನಂತೆ ಕಳುಹಿಸಿದ್ದೆ, ಮೆಚ್ಚುಗೆಯೇ ಬಂತು.

ನಿಜವಾದ ಪ್ರತಿಕ್ರಿಯೆ ಸಿಕ್ಕಿದ್ದು ಇಬ್ಬರು ವಾದಕರು ಒಂದೇ ಪೀಠದಲ್ಲಿ ಕುಳಿತು ಹಾಳೆ ನೋಡಿ ನುಡಿಸಲು ಪ್ರಯತ್ನಿಸಿದ ದಿನ. ಅವರ ಅಭಿಪ್ರಾಯಕ್ಕಾಗಿ ಕಾಯದೆ, ಅವರು ಎಡವಿದ ಬಾರ್‌ಗಳ ಸಂಖ್ಯೆಯನ್ನು ಮಾತ್ರ ನಾನು ಬದಿಯಲ್ಲಿ ಕುಳಿತು ಬರೆದುಕೊಂಡೆ. ಮೂರು ಸಲವೂ ನಿಂತದ್ದು 23ನೆಯ ಬಾರ್‌ನಲ್ಲಿ, ಮತ್ತು ಮೂರು ಸಲವೂ ನಿಂತವರು ಪ್ರೀಮೊ. ಸ್ವರಗಳು ಕಷ್ಟವೇನಲ್ಲ. ಐದರ ಗುಚ್ಛ ಕಣ್ಣಿಗೆ ಕಾಣಲೆಂದು ನಾನು ಬೀಮ್‌ಗಳನ್ನು, ಅಂದರೆ ಸ್ವರಚಿಹ್ನೆಗಳನ್ನು ಗುಂಪಾಗಿ ಜೋಡಿಸುವ ಅಡ್ಡಪಟ್ಟಿಗಳನ್ನು, ಬಾರ್ ಗೆರೆಯ ಆಚೆಗೂ ಎಳೆದಿದ್ದೆ. ಆಕೆಯ ಕಣ್ಣು ಐದನ್ನು ಓದುತ್ತಿದ್ದರೆ ಪಕ್ಕದ ತೋಳು ಏಳನ್ನು ಬಡಿಯುತ್ತಿತ್ತು, ಬಾರ್ ಎಲ್ಲಿ ಆರಂಭವಾಯಿತೆಂಬುದು ಮಾತ್ರ ಹಾಳೆಯ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ರಚನೆಗಳನ್ನು ಬರೆಯುವ ಹಿರಿಯರೊಬ್ಬರು ಬೀಮ್‌ಗಳನ್ನು ಹಾಗೆಯೇ ಉಳಿಸಬೇಕು, ಇಲ್ಲದಿದ್ದರೆ ಸ್ವರಗುಚ್ಛದ ರೂಪವೇ ಅಳಿಸಿಹೋಗುತ್ತದೆ ಎಂದು ವಾದಿಸಿದರು. ಅವರ ಮಾತಿನಲ್ಲಿ ಹುರುಳಿದ್ದರೂ ನಾನು ವಾದಕಿಯ ಪರ ನಿಂತೆ. ಬೀಮ್‌ಗಳನ್ನು 2+2+3ರ ಪ್ರಕಾರ ಬದಲಿಸಿ, ಪ್ರತಿ ಐದರ ಮೊದಲ ಸ್ವರಕ್ಕೆ ಒತ್ತಿನ ಗುರುತು ಹಾಕಿ, 35 ಕ್ವೇವರ್‌ಗಳು ಮುಗಿದು ಇಬ್ಬರೂ ಕೂಡುವ ಪ್ರತಿ ಜಾಗಕ್ಕೂ ಒಂದೊಂದು ದೊಡ್ಡಕ್ಷರ ಕೊಟ್ಟೆ. ಒಬ್ಬರು ತಪ್ಪಿದರೂ ಮುಂದಿನ ಅಕ್ಷರದಲ್ಲಿ ಸೇರಿಕೊಳ್ಳಬಹುದು ಎಂಬ ಧೈರ್ಯವೇ ಅವರ ವೇಗವನ್ನು ಹೆಚ್ಚಿಸಿತು.

ಡಿಯ ಜಗಳಕ್ಕೆ ಮೊದಲು ಹೊಳೆದ ಉಪಾಯ ಪೆಡಲ್: ಸೆಕೊಂಡೊ ಆ ಸ್ವರವನ್ನು ಹೊಡೆದು ಬೆರಳೆತ್ತಲಿ, ಪೆಡಲ್ ಅದನ್ನು ಉಳಿಸಿಕೊಳ್ಳಲಿ. ಆದರೆ ಪೆಡಲ್ ಒಂದು ಸ್ವರವನ್ನಷ್ಟೇ ಹಿಡಿಯದೆ ಎಲ್ಲವನ್ನೂ ಕಲಸುತ್ತದೆ, ಸ್ಟಕಾಟೊದಿಂದಲೇ (ಚುಟುಕಾಗಿ ಕತ್ತರಿಸಿ ನುಡಿಸುವುದರಿಂದಲೇ) ಬದುಕಿರುವ ಲಯ ಅದರಲ್ಲಿ ಮುಳುಗಿಹೋಗುತ್ತದೆ. ಮೇಲಾಗಿ ಪೆಡಲ್ ರೂಢಿಯಂತೆ ಸೆಕೊಂಡೊ ವಾದಕರ ಪಾದದ ಕೆಳಗಿರುತ್ತದೆ. ಕೈಗಳು ಏಳನ್ನು ಎಣಿಸುತ್ತಿರುವಾಗ ಪಾದ ಪ್ರೀಮೊದ ಐದನ್ನು ಅನುಸರಿಸಬೇಕೆಂದು ಕೇಳುವುದು ಅನ್ಯಾಯ. ಕೊನೆಗೆ ಉದ್ದ ಸ್ವರವನ್ನೇ ತೆಗೆದುಹಾಕಿ ಅದರ ಕೆಲಸವನ್ನು ಎರಡು ಸ್ಥಾಯಿ ಕೆಳಗೆ, ಯಾರ ಕೈಯೂ ಅಡ್ಡ ಬಾರದ ಜಾಗಕ್ಕೆ ಸಾಗಿಸಿದೆ. ಅಲ್ಲಿ ದಪ್ಪ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ಇಟ್ಟರೆ ಗುಡುಗಿನಂತೆ ಕೇಳುತ್ತದೆಂದು ಒಂಟಿ ಸ್ವರಕ್ಕೆ ತೃಪ್ತಿಪಟ್ಟೆ.

ಇನ್ನೊಂದು ಕಡೆ ಪ್ರೀಮೊ ಒಂದೇ ಕೀಯನ್ನು ಸೆಮಿಕ್ವೇವರ್‌ಗಳಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 9 ಸಲ, ಹೊಡೆಯಬೇಕಿತ್ತು. ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಯಂತ್ರವ್ಯವಸ್ಥೆಯ ವಾರಸುದಾರ ಗ್ರಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಸ್ವರವನ್ನು ಮತ್ತೆ ಹೊಡೆಯಬಹುದು. ನಾವು ಅಭ್ಯಾಸ ಮಾಡಿದ್ದು ನೆಟ್ಟಗೆ ನಿಲ್ಲುವ ಅಪ್‌ರೈಟ್‌ನಲ್ಲಿ. ಅದರ ಕೀ ಬಹುಮಟ್ಟಿಗೆ ಮೇಲೇಳುವವರೆಗೂ ಕಾಯಲೇಬೇಕು. ಅರ್ಧದಷ್ಟು ಸ್ವರಗಳು ಮಾಯವಾಗುತ್ತಿದ್ದವು. ಆ ಸಾಲನ್ನು ಇಬ್ಬರಿಗೆ ಹಂಚಿದೆ: ಪ್ರೀಮೊ ಬೆಸ ಹೊಡೆತಗಳನ್ನು, ಸೆಕೊಂಡೊ ಒಂದು ಸ್ಥಾಯಿ ಕೆಳಗೆ ಸಮ ಹೊಡೆತಗಳನ್ನು. ಕೊರತೆಯಿಂದ ಹುಟ್ಟಿದ ಈ ಹಂಚಿಕೆ ಮೂಲಕ್ಕಿಂತ ಎಷ್ಟೋ ಚೆನ್ನಾಗಿ ಕೇಳಿಸಿದ್ದರಿಂದ ಕೊನೆಯ ಭಾಗವನ್ನೆಲ್ಲ ಅದರ ಮೇಲೆಯೇ ಕಟ್ಟಿದೆ.

ಮಧ್ಯದಲ್ಲಿ ಹಾಡಿಕೊಳ್ಳಬಹುದಾದ ಒಂದು ರಾಗವಿರಲಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಅದು ಬೇರೊಂದು ರಚನೆಗೆ ಸಲ್ಲುವ ಮಾತು.

61ನೆಯ ಬಾರ್‌ನಲ್ಲಿ ಪ್ರೀಮೊದ ಎಡಗೈ, ಸೆಕೊಂಡೊದ ಬಲಗೈ ಒಂದನ್ನೊಂದು ದಾಟಿ ಹೋಗುತ್ತವೆ. ಅದನ್ನು ತೆಗೆಯುತ್ತೇನೆಂದು ಹೇಳಿದಾಗ ಇಬ್ಬರೂ ಬೇಡವೆಂದರು. ಎರಡು ವಾರಗಳ ಅಭ್ಯಾಸದಲ್ಲಿ, ಆಕೆ ಮಣಿಕಟ್ಟನ್ನು ತಗ್ಗಿಸಿ ಕೆಳಗಿನಿಂದ ನುಸುಳುವುದು, ಆತ ಮೊಣಕೈಯನ್ನು ತುಸು ಎತ್ತಿ ದಾರಿ ಬಿಡುವುದು ಎಂದು ಅವರೇ ಗೊತ್ತುಮಾಡಿಕೊಂಡಿದ್ದರು. ಈಗ ಪ್ರತಿಯಲ್ಲಿ ಆ ಬಾರ್‌ನ ಮೇಲೆ ಪ್ರೀಮೊಗೆ ‘ಕೆಳಗೆ’, ಸೆಕೊಂಡೊಗೆ ‘ಮೇಲೆ’ ಎಂಬ ಎರಡು ಪದಗಳಿವೆ, ಮತ್ತು ಅವು ನನ್ನವಲ್ಲ.