ರೈನ್, ಡ್ಯಾನ್ಯೂಬ್ ಕ್ರೂಸಿಗೆ ಹೊರಟವರಿಗೆ: ಹಡಗು ಅರ್ಧದಲ್ಲಿ ನಿಂತರೆ?

ಯೂರೋಪಿನ ಈ ನದಿಗಳಲ್ಲಿ ಕ್ರೂಸ್ ಬುಕ್ ಮಾಡಿದವರಿಗೆ ಒಂದು ವಿಷಯ ಮೊದಲೇ ಗೊತ್ತಿರಲಿ. ನೀರು ಕಡಿಮೆಯಾದರೆ ಹಡಗಿನ ತಳ ತಾಗುತ್ತದೆ, ಜಾಸ್ತಿಯಾದರೆ ಸೇತುವೆ ಕೆಳಗೆ ನುಸುಳಲು ಆಗುವುದಿಲ್ಲ. ಬೇಸಿಗೆ ಕೊನೆಯಿಂದ ಅಕ್ಟೋಬರ್‌ವರೆಗೆ ಮೊದಲನೆಯ ತಾಪತ್ರಯವೇ ಹೆಚ್ಚು. ರೈನ್ ಆದರೆ ಜರ್ಮನಿಯ ಕೌಬ್ ಊರಿನ ನೀರಿನ ಮಟ್ಟ ನೋಡುತ್ತಿರಿ, ಸರ್ಕಾರಿ ಜಾಲತಾಣದಲ್ಲಿ ದಿನವೂ ಸಿಗುತ್ತದೆ. 2018ರ ಅಕ್ಟೋಬರಿನಲ್ಲಿ ಅದು 25 ಸೆಂಟಿಮೀಟರಿಗೆ ಇಳಿದಿತ್ತು. (ಇದು ಅಳತೆಗೋಲಿನ ಲೆಕ್ಕ, ನದಿಯೇ ಅಷ್ಟು ಆಳ ಅಂತಲ್ಲ, ಸುಮ್ನೆ ಗಾಬರಿಯಾಗಬೇಡಿ. ಹಡಗು ಹೋಗುವ ದಾರಿ ಇನ್ನೂ ಆಳ.) ಡ್ಯಾನ್ಯೂಬಿನಲ್ಲಿ ಸ್ಟ್ರೌಬಿಂಗ್, ವಿಲ್ಸ್‌ಹೋಫೆನ್ ನಡುವೆ ಇದೇ ಪಾಡು.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ಬಸ್ಸಿನಲ್ಲಿ ಕರೆದೊಯ್ದು, ಆಚೆ ಕಡೆ ನಿಂತ ಇನ್ನೊಂದು ಹಡಗು ಹತ್ತಿಸುತ್ತಾರೆ. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಇನ್ನು ವಿಮೆ. ಷೆಂಗೆನ್ ವೀಸಾಗೆ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಕೇಳುವ 30,000 ಯೂರೋ ವಿಮೆ ಇರುವುದು ಆಸ್ಪತ್ರೆ ಖರ್ಚಿಗೆ, ತುರ್ತಾಗಿ ಊರಿಗೆ ಕಳಿಸುವುದಕ್ಕೆ. ದಾರಿ ಬದಲಾದರೆ ಪರಿಹಾರ ಸಿಗುತ್ತದಾ ಎಂದು ಬೇರೆಯಾಗಿ ಕೇಳಿ, ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಬೆಲ್‌ಗ್ರೇಡ್ ಕೂಡ ಇದ್ದರೆ ಮಲ್ಟಿಪಲ್ ಎಂಟ್ರಿ ವೀಸಾ (ಹೊರಗೆ ಹೋಗಿ ಮತ್ತೆ ಒಳಬರಲು ಬಿಡುವಂಥದ್ದು) ಬೇಕು, ಸೆರ್ಬಿಯಾ ಷೆಂಗೆನ್ ಹೊರಗಿದೆ ಅಲ್ವಾ. ಕ್ರೂಸ್ ಮುಗಿಯುವ ದಿನವೇ ವಾಪಸ್ ವಿಮಾನ ಇಟ್ಟುಕೊಳ್ಳಬೇಡಿ.