ವಿಟಮಿನ್ ಸಿ ಸೀರಮ್: ಹಚ್ಚೋದು ಎರಡು ನಿಮಿಷ, ಕೆಡದಂಗೆ ಇಟ್ಕೊಳೋದೇ ಕೆಲಸ

ಮೈಸೂರಲ್ಲಿ ನನಗೆ ಗೊತ್ತಿರೋ ಅರ್ಧ ಮನೇಲಿ ಬಾತ್‌ರೂಮ್ ಕನ್ನಡಿ ಕೆಳಗೆ, ಗೀಸರ್ ನೀರಿನ ಹಬೆ ಕುಡೀತಾ ಟ್ಯಾನ್ ಹೋಗ್ಲಿ ಅಂತ ಮುಖಕ್ಕೆ ಹಚ್ಚೋ ವಿಟಮಿನ್ ಸಿ ಸೀರಮ್ ಬಾಟಲಿ ಒಂದು ನಿಂತಿರುತ್ತೆ, ಒಳಗಿರೋದು ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ದಿನ ಆಗಿರುತ್ತೆ, ಆದ್ರೂ ದಿನಾ ಹಚ್ಕೋತಾನೇ ಇರ್ತಾರೆ. ಕೇಳಿದ್ರೆ "ಆರ್ನೂರು ರೂಪಾಯಿ ಕಣೇ, ಎಕ್ಸ್‌ಪೈರಿ ಮುಂದಿನ ವರ್ಷ ಇದೆ, ಸುಮ್ನೆ ಎಸೆಯಕ್ಕಾಗುತ್ತಾ" ಅಂತಾರೆ. ಆ ಡೇಟು ಸೀಲ್ ಒಡೀದೇ ಇರೋ ಬಾಟಲಿಗೆ. ಮುಚ್ಚಳ ತೆಗೆದ ದಿನದಿಂದ ಲೆಕ್ಕ ಬೇರೆ.

ಹಂತ 1: ಕೊಳ್ಳೋದು

ಚಿಕ್ಕ ಬಾಟಲಿ ತಗೊಳ್ಳಿ. ಒಂದು ಎಂಎಲ್‌ಗೆ ಸುಮಾರು 20 ಹನಿ, ದಿನಕ್ಕೆ 4 ಹನಿ ಅಂದ್ರೆ 15 ಎಂಎಲ್ ಬಾಟಲಿ ಎರಡೂವರೆ ತಿಂಗಳು ಬರುತ್ತೆ, 30 ಎಂಎಲ್ ಐದು ತಿಂಗಳು. ಎಲ್-ಆಸ್ಕಾರ್ಬಿಕ್ ಆಸಿಡ್, ಅಂದ್ರೆ ಶುದ್ಧ ವಿಟಮಿನ್ ಸಿ ಇರೋ ಸೀರಮ್ ತೆಗೆದ ಮೇಲೆ ಎರಡು ಮೂರು ತಿಂಗಳು ಚೆನ್ನಾಗಿದ್ರೆ ಹೆಚ್ಚು, ಹಂಗಾಗಿ ದೊಡ್ಡದ್ರಲ್ಲಿ ಉಳಿಸಿದ ದುಡ್ಡು ಅರ್ಧ ಕೆಟ್ಟು ಹೋಗುತ್ತೆ. ಬಾಟಲಿ ಗಾಢ ಕಂದು ಗಾಜಿನದೋ, ಗಾಳಿ ಒಳಗೆ ಬಿಡದ ಪಂಪ್ ಇರೋದೋ ಆಗಿರ್ಬೇಕು. ಬಿಳೀ ಪಾರದರ್ಶಕ ಗಾಜಲ್ಲಿ ಮಾರೋದನ್ನ ಎಷ್ಟೇ ಆಫರ್ ಇದ್ರೂ ಮುಟ್ಟಬೇಡಿ. ಶಕ್ತಿ 10 ಪರ್ಸೆಂಟ್ ಸಾಕು, 20 ದಾಟಿದ್ರೆ ಚರ್ಮ ಅದಕ್ಕಿಂತ ಜಾಸ್ತಿಯೇನೂ ಹೀರ್ಕೊಳಲ್ಲ, ಉರಿ ಮಾತ್ರ ಜಾಸ್ತಿ. ಫೆರುಲಿಕ್ ಆಸಿಡ್, ವಿಟಮಿನ್ ಇ ಜೊತೆಗಿದ್ರೆ ಒಳ್ಳೇದು, ಸೀರಮ್ ಬೇಗ ಕೆಡಲ್ಲ. ತೀರಾ ಸೂಕ್ಷ್ಮ ಚರ್ಮದವರು ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಥರದ್ದು ನೋಡಿ, ವಿಟಮಿನ್ ಸಿದೇ ಇನ್ನೊಂದು ರೂಪ ಅದು, ಮೆದು, ಅಷ್ಟು ಬೇಗ ಕೆಡಲ್ಲ, ಕೆಲಸವೂ ನಿಧಾನ.

ಮುಂದೆ ದೊಡ್ಡದಾಗಿ ವಿಟಮಿನ್ ಸಿ ಅಂತ ಬರೆದು ಹಿಂದೆ ಪಟ್ಟಿ ಕೊನೇಲಿ ಬರೀ ಕಿತ್ತಳೆ ಎಕ್ಸ್‌ಟ್ರಾಕ್ಟ್ ಇರೋ ನೂರು ರೂಪಾಯಿ ಸೀರಮ್‌ಗಳು ಸುವಾಸನೆ ನೀರು, ಅಷ್ಟೇ. ಚೀಪೋ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ರೋಸ್ ವಾಟರ್‌ಗೆ ಕಲಸೋರೂ ಇದಾರೆ, ಅದ್ರಲ್ಲಿ ಸಕ್ಕರೆ, ಬಣ್ಣ ಎಲ್ಲಾ ಇರುತ್ತೆ ಕಣ್ರೀ. ನಿಂಬೆಹಣ್ಣಂತೂ ಬೇಡವೇ ಬೇಡ, ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟಂಗಾಗಿ ಕಪ್ಪು ಕಲೆ ಉಳಿಯುತ್ತೆ.

ಮೈಸೂರಿನ ಅರಸು ರಸ್ತೆ ಅಂಗಡೀಲಿ ಬಿಸಿಲು ಬೀಳೋ ಶೋಕೇಸಿಂದ ತೆಗೆದುಕೊಟ್ರೆ ಬೇಡ ಅನ್ನಿ, ಒಳಗಿಂದ ಡಬ್ಬದಲ್ಲಿರೋದು ಕೇಳಿ. ಮಂಡ್ಯದ ನೂರಡಿ ರೋಡಲ್ಲಿ ತಗೊಂಡು ಸ್ಕೂಟರ್ ಡಿಕ್ಕಿಗೆ ಹಾಕಿ, ಏಪ್ರಿಲ್ ಮಧ್ಯಾಹ್ನ ಗಾಡಿ ಬಿಸಿಲಲ್ಲಿ ನಿಲ್ಸಿ, ತರಕಾರಿ, ಹೂವು, ಟೈಲರ್ ಎಲ್ಲಾ ಮುಗಿಸ್ಕೊಂಡು ಮನೆಗೆ ಬರೋದು ಇದ್ಯಲ್ಲ, ಅದೂ ಬೇಡ. ಸೀರಮ್ ಕೊನೇಗೆ ತಗೊಳ್ಳಿ.

ಹಂತ 2: ಇಟ್ಕೊಳೋದು

ಎಡವೋದು ಇಲ್ಲೇ. ಗಾಳಿ, ಬೆಳಕು, ಬಿಸಿ ಮೂರೂ ಇದಕ್ಕೆ ಆಗಲ್ಲ. ಮಂಡ್ಯದವರಿಗೆ ಇದನ್ನ ಹೇಳ್ಕೊಡಬೇಕಾ, ಗಾಣದಿಂದ ಇಳಿದ ಕಬ್ಬಿನ ಹಾಲು ಲೋಟದಲ್ಲಿ ಬಿಟ್ರೆ ಸ್ವಲ್ಪ ಹೊತ್ತಿಗೇ ಕಪ್ಪಾಗಲ್ವಾ, ಇದೂ ಗಾಳಿ ಸೋಕಿದಂಗೆ ಬಣ್ಣ ತಿರುಗುತ್ತೆ, ನಿಧಾನಕ್ಕೆ ಆಗೋದ್ರಿಂದ ನಮಗೆ ಕಾಣಲ್ಲ. ಮೊದಲು ತಿಳಿ ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕಂದು. ಹಂಗೆ ಒಡೆದಾಗ ಹುಟ್ಟೋದ್ರಲ್ಲಿ ಎರಿಥ್ರುಲೋಸ್ ಅಂತ ಒಂದಿದೆ, ಮೈಬಣ್ಣ ಕಂದಾಗ್ಲಿ ಅಂತ ಟ್ಯಾನಿಂಗ್ ಲೋಷನ್‌ಗೆ ಹಾಕೋ ವಸ್ತು ಅದು. ಟ್ಯಾನ್ ಹೋಗ್ಲಿ ಅಂತ ತಂದು ಟ್ಯಾನ್ ಬರೋದನ್ನ ಹಚ್ಕೊಂಡಂಗಾಯ್ತು.

ಬಾಟಲಿ ತೆಗೆದ ದಿನವೇ ಒಂದು ಹನಿ ಬಿಳೀ ಟಿಶ್ಯೂ ಮೇಲೆ ಬಿಟ್ಟು ಫೋನಲ್ಲಿ ಫೋಟೋ ತೆಗೀರಿ. ಕೆಲವು ಸೀರಮ್ ಹುಟ್ಟಿದಾಗಲೇ ಹಳದಿ ಇರುತ್ತೆ, ಮೊದಲ ದಿನದ ಬಣ್ಣ ಗೊತ್ತಿಲ್ದೇ ಇದ್ರೆ ಕೆಟ್ಟಿದೆಯೋ ಇಲ್ವೋ ಹೆಂಗೆ ಹೇಳೋದು, ಕಂದು ಗಾಜಿನ ಹೊರಗಿಂದ ನೋಡಿದ್ರಂತೂ ಎಲ್ಲಾ ಒಂದೇ. ಹದಿನೈದು ದಿನಕ್ಕೊಂದ್ಸಲ ಮತ್ತೆ ಹನಿ ಬಿಟ್ಟು ಫೋಟೋಗೆ ಹೋಲಿಸಿ. ಬಾಟಲಿ ತಳಕ್ಕೆ ಪೆನ್ನಲ್ಲಿ ತಾರೀಖು ಬರೀರಿ.

ಜಾಗ ಅಂದ್ರೆ ಫ್ರಿಜ್, ಬಾಗಿಲಲ್ಲಿ ಮೊಟ್ಟೆ ಇಡೋ ಕಡೆ. ಫ್ರೀಜರ್ ಬೇಡ. ಬಾಟಲೀನೇ ಒಂದು ಸಣ್ಣ ಡಬ್ಬೀಲಿ ಹಾಕಿಟ್ರೆ ಮಕ್ಕಳು ಎಸೆನ್ಸ್ ಅನ್ಕೊಂಡು ಮುಟ್ಟಲ್ಲ, ಅತ್ತೆಗೂ ಒಂದು ಮಾತು ಹೇಳಿಡಿ. ಕರೆಂಟ್ ಒಂದೆರಡು ಗಂಟೆ ಹೋದ್ರೆ ಏನೂ ಆಗಲ್ಲ. ಆದ್ರೆ ಬೆಳಗ್ಗೆ ಆಚೆ ತೆಗೆದು ತಿಂಡಿ, ಟಿಫನ್ ಬಾಕ್ಸ್, ಸ್ನಾನ ಎಲ್ಲಾ ಮುಗಿಯೋವರೆಗೂ ಡೈನಿಂಗ್ ಟೇಬಲ್ ಮೇಲೆ ಬಿಡೋದಾದ್ರೆ ಫ್ರಿಜ್ಜಲ್ಲಿಟ್ಟು ಏನ್ ಪ್ರಯೋಜನ, ತೆಗೀರಿ, ಹನಿ ಹಾಕ್ಕೊಳಿ, ತಕ್ಷಣ ವಾಪಸ್ ಇಡಿ. ಫ್ರಿಜ್ ಇಲ್ದಿದ್ರೆ ಬೀರು ಒಳಗೆ, ಸೀರೆ ಮಧ್ಯೆ ತಣ್ಣಗೆ ಕತ್ತಲಾಗಿರೋ ಕಡೆ ಇಡಬಹುದು, ಶೀಟ್ ಮನೆಯಾದ್ರೆ ಬೇಸಿಗೇಲಿ ತರಲೇಬೇಡಿ.

ಇನ್ನು ಡ್ರಾಪರ್. ಅದನ್ನ ಕೆನ್ನೆಗೆ ಒತ್ತಿ ಎಳೆಯೋ ರೀಲ್ಸ್ ನೋಡಿ ಎಲ್ರೂ ಹಂಗೇ ಮಾಡ್ತಾರೆ, ಮುಖದ ಜಿಡ್ಡೆಲ್ಲಾ ಬಾಟಲಿ ಒಳಗೆ. ಇದಕ್ಕಿಂತ ಕೆಟ್ಟದ್ದು ನೋಡಿದೀನಿ, ಡ್ರಾಪರ್ ಅಂಟಾಯ್ತು ಅಂತ ನಲ್ಲಿ ಕೆಳಗೆ ಹಿಡಿದು ತೊಳೆದು ಒದ್ದೆಯಲ್ಲೇ ವಾಪಸ್ ಹಾಕೋದು. ನಮ್ಮ ಕಡೆ ಬೋರ್ ನೀರಲ್ಲಿ ಕಬ್ಬಿಣದ ಅಂಶ ಇದ್ರೆ ಮುಗೀತು, ಕಬ್ಬಿಣ, ತಾಮ್ರ ಎರಡೂ ವಿಟಮಿನ್ ಸಿ ಕೆಡೋದನ್ನ ಜೋರು ಮಾಡುತ್ತೆ. ಬಾಟಲಿ ಕತ್ತನ್ನ ಒಣ ಟಿಶ್ಯೂನಲ್ಲಿ ಒರೆಸಿ, ಡ್ರಾಪರ್‌ಗೆ ಏನೂ ಮಾಡಬೇಡಿ. ರಬ್ಬರ್ ತುದೀನ ಬಾಟಲಿ ಒಳಗೆ ಪದೇಪದೇ ಒತ್ತಿ ಗುಳುಗುಳು ಮಾಡೋದೂ ಬೇಡ, ಪ್ರತಿ ಒತ್ತಿಗೂ ಒಳಗೆ ಗಾಳಿ ಹೋಗುತ್ತೆ. ಊರಿಗೆ ಹೋಗ್ಬೇಕಾದ್ರೆ ಸಣ್ಣ ಶೀಶೆಗೆ ಬಗ್ಗಿಸ್ಕೊಳೋದಕ್ಕಿಂತ ನಾಲ್ಕು ದಿನ ಹಚ್ದೇ ಇರೋದು ವಾಸಿ.

ಹಂತ 3: ಹಚ್ಚೋದು

ಮೊದಲು ಮೊಣಕೈ ಒಳಭಾಗದಲ್ಲೋ ಕಿವಿ ಹಿಂದೆಯೋ ಎರಡು ಮೂರು ದಿನ ಹಚ್ಚಿ ನೋಡಿ. ಆಮೇಲೆ ದಿನ ಬಿಟ್ಟು ದಿನ ಶುರು ಮಾಡಿ.

ಬೆಳಗ್ಗೆ ಮುಖ ತೊಳೆದು ಪೂರ್ತಿ ಒರೆಸ್ಕೊಳಿ, ಒದ್ದೆ ಮುಖಕ್ಕೆ ಹಚ್ಚಿದ್ರೆ ಚುರುಚುರು ಜಾಸ್ತಿ. ನಾಲ್ಕು ಹನಿ ಬೆರಳ ಮೇಲೆ ಹಾಕ್ಕೊಂಡು ಒತ್ತೊತ್ತಿ ಹಚ್ಚಿ, ಕಣ್ಣಂಚು, ತುಟಿ ಬಿಟ್ಟು. ಎರಡು ನಿಮಿಷ ಬಿಟ್ಟು ಮಾಯಿಶ್ಚರೈಸರ್, ಮೇಲೆ ಸನ್‌ಸ್ಕ್ರೀನ್. ಕೈ ತೊಳ್ಕೊಳಿ, ಇಲ್ದಿದ್ರೆ ಬೆರಳ ಸಂದಿ ಹಳದಿ ಆಗುತ್ತೆ, ಬಿಳೀ ಟವೆಲ್ಲೂ ಅಷ್ಟೇ. ಸನ್‌ಸ್ಕ್ರೀನ್ ಇಲ್ದೇ ಹಚ್ಚೋರು ಸೀರಮ್ ದುಡ್ಡಲ್ಲಿ ಸನ್‌ಸ್ಕ್ರೀನೇ ತಗೊಳ್ಳಿ ಅಂತೀನಿ ನಾನು.

ಒಂದೆರಡು ನಿಮಿಷ ಚುರುಗುಟ್ಟೋದು ಸಾಮಾನ್ಯ, ಕೆಂಪಾಗಿ ಉರಿ ನಿಲ್ದೇ ಇದ್ರೆ ತೊಳೆದು ನಿಲ್ಸಿ. ಥ್ರೆಡಿಂಗ್, ವ್ಯಾಕ್ಸಿಂಗ್, ಶೇವಿಂಗ್ ಮಾಡಿದ ದಿನ ರಜೆ. ಮೊಡವೆಗೆ ಬೆನ್ಜಾಯ್ಲ್ ಪೆರಾಕ್ಸೈಡ್ ಹಚ್ತಾ ಇದ್ರೆ ಅದನ್ನ ರಾತ್ರಿಗೆ ಹಾಕಿ, ಜೊತೇಲಿ ಹಚ್ಚಿದ್ರೆ ಅದು ವಿಟಮಿನ್ ಸಿನ ಅಲ್ಲೇ ಕೆಡಿಸುತ್ತೆ. ವಿಟಮಿನ್ ಎ ಜಾತಿಯ ರೆಟಿನಾಲೂ ರಾತ್ರಿಗೇ. ನಯಾಸಿನಮೈಡ್ (ವಿಟಮಿನ್ ಬಿ3) ಜೊತೆ ಆಗಲ್ಲ ಅನ್ನೋದು ಹಳೇ ಮಾತು, ಧಾರಾಳವಾಗಿ ಹಚ್ಚಿ.

ಫಲಿತಾಂಶಕ್ಕೆ ಎರಡು ಮೂರು ತಿಂಗಳು ಬೇಕು. ಕೆನ್ನೆ ಮೇಲೆ ಬಂಗು ಇರೋರಿಗೆ ಇದೊಂದ್ರಿಂದ ಹೋಗಲ್ಲ, ಮೈಸೂರಿನ ಕೆ.ಆರ್. ಆಸ್ಪತ್ರೆ ಚರ್ಮರೋಗ ವಿಭಾಗಕ್ಕೋ ನಿಮ್ಮ ಸ್ಕಿನ್ ಡಾಕ್ಟರ್ ಹತ್ರಕ್ಕೋ ಹೋಗಿ, ಮೆಡಿಕಲ್ ಸ್ಟೋರಲ್ಲಿ ಹೇಳಿದ ಸ್ಟಿರಾಯ್ಡ್ ಕ್ರೀಮ್ ಮಾತ್ರ ಮುಖಕ್ಕೆ ಮುಟ್ಟಿಸ್ಬೇಡಿ.

ಹಂತ 4: ಖಾಲಿ ಮಾಡೋದು

ಎರಡು ತಿಂಗಳಾಗ್ತಾ ಬಂತು, ಬಣ್ಣ ಇನ್ನೂ ಸರಿ ಇದೆ, ಬಾಟಲೀಲಿ ಉಳಿದಿದೆ ಅಂದ್ರೆ ಜಿಪುಣತನ ಬಿಡಿ, ಕತ್ತಿಗೆ, ಮುಂಗೈಗೆ ಹಚ್ಚಿ ಮುಗಿಸಿ, ದಿನಾ ಗಾಡಿ ಓಡಿಸೋರ ಮುಂಗೈ ಮುಖಕ್ಕಿಂತ ಒಂದು ಪಟ್ಟು ಕಪ್ಪಾಗಿರುತ್ತೆ, ಅಲ್ಲಿಗೂ ಮೇಲೆ ಸನ್‌ಸ್ಕ್ರೀನ್ ಬೇಕು. ಕಿತ್ತಳೆ ಬಣ್ಣಕ್ಕೆ ಹೋಗಿದ್ರೆ ಕಾಲಿಗಾದ್ರೂ ಹಚ್ತೀನಿ ಅಂತ ಕೂಡಿಡಬೇಡಿ, ಸಿಂಕಿಗೆ ಸುರಿದು ಬಾಟಲಿ ಒಣಕಸಕ್ಕೆ ಹಾಕಿ.