ಫಿಸಿಕ್ಸ್ ಓದಲು ಕಾಲೇಜು ಹುಡುಕುತ್ತಿದ್ದೀರಾ? ಮೊದಲು ಲ್ಯಾಬ್ ಬಾಗಿಲು ತೆಗೆಸಿ

ಎಂ.ಎಸ್ಸಿ.ಗೆ ಸೇರಿದ ಹುಡುಗಿಯೊಬ್ಬಳು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಮುಂದೆ ಯಾವ ತಿರುಪು ತಿರುಗಿಸಬೇಕೆಂದು ತಿಳಿಯದೆ ನಿಂತಿದ್ದನ್ನು ನೋಡಿದ್ದೇನೆ. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕವಿತ್ತು. ಆದರೆ ಮೂರು ವರ್ಷವೂ ಬೇರೆಯವರು ಹೊಂದಿಸಿಟ್ಟ ಉಪಕರಣದಲ್ಲಿ ರೀಡಿಂಗ್ ಬರೆದುಕೊಂಡಿದ್ದಳಷ್ಟೆ. ಅಂಥ ಮಕ್ಕಳನ್ನು ಕಂಡೂ ಕಂಡೂ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಪಿಯುಸಿ ಫಲಿತಾಂಶಕ್ಕೆ ಕಾಯಬೇಡಿ. ಸಿಇಟಿ ಅರ್ಜಿ ಹಾಕುವ ದಿನಗಳಿಂದಲೇ ಗಮನವಿಟ್ಟು, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಿಗೆ ಐಎಟಿ ಪ್ರವೇಶ ಪರೀಕ್ಷೆ, ಅಂಥದೇ ವಿಜ್ಞಾನ ಸಂಸ್ಥೆಗಳಾದ ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್‌ಗೆ ನೆಸ್ಟ್ ಪರೀಕ್ಷೆಯ ಅರ್ಜಿಯನ್ನೂ ಹಾಕಿಬಿಡಿ. ಮೇಷ್ಟ್ರಾಗುವ ಆಸೆಯಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ಮರೆಯಬೇಡಿ. ಅಲ್ಲಿ ಬಿ.ಎಸ್ಸಿ., ಬಿ.ಇಡಿ. ಎರಡೂ ಸೇರಿ 4 ವರ್ಷಕ್ಕೆ ಮುಗಿಯುತ್ತವೆ.

ಹಂತ 2: ಗಣಿತವಿಲ್ಲದ ಕಾಂಬಿನೇಷನ್ ಬೇಡವೇ ಬೇಡ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡನ್ನು ಗೇಟಿನ ಮೇಲೆ ನೋಡಿ ಫೀಸು ಕಟ್ಟಿ ಬರುತ್ತಾರೆ. ಆ ಗ್ರೇಡ್ ಇಡೀ ಕಾಲೇಜಿನದು, ಫಿಸಿಕ್ಸ್ ವಿಭಾಗದ್ದಲ್ಲ. ಮೈಸೂರಿನ ಯುವರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಂಥ ಹಳೆಯ ಹೆಸರಿದ್ದರೂ ಪ್ರಾಕ್ಟಿಕಲ್ಸ್ ನಡೆಯುವ ದಿನ ಹೋಗಿ, ಅನುಮತಿ ಕೇಳಿ, ಲ್ಯಾಬ್ ಒಳಗೆ ನಿಂತು ನೋಡಿ.

ಸೋಡಿಯಂ ಲ್ಯಾಂಪ್ ಹಚ್ಚಿ ತೋರಿಸಲು ಕೇಳಿ. ಹಚ್ಚಿದ ಕೂಡಲೇ ಅದು ಕೆಂಪಗೆ ಉರಿಯುತ್ತದೆ, ಪೂರ್ತಿ ಹಳದಿಗೆ ತಿರುಗಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಕಾಯಿರಿ. ಸ್ಪೆಕ್ಟ್ರೋಮೀಟರಿನಲ್ಲಿ ಬೆಳಕನ್ನು ಬಿಡಿಸುವ, ಸಣ್ಣ ಗೆರೆಗಳಿರುವ ಫಲಕವಾದ ಗ್ರೇಟಿಂಗ್ ಮೇಲೆ ಬೆರಳಚ್ಚು ಮೆತ್ತಿದೆಯೇ ನೋಡಿ. ಬೆಳಕು ಒಳಬರುವ ಸೀಳನ್ನು (ಸ್ಲಿಟ್) ಕಿರಿದು ಮಾಡಿ ಪಕ್ಕದಲ್ಲಿ ಎರಡನೇ ಸಲ ಕಾಣುವ ಗೆರೆಗೆ, ಅಂದರೆ ಎರಡನೇ ಆರ್ಡರ್‌ಗೆ ದೂರದರ್ಶಕ ತಿರುಗಿಸಿದರೆ, ಒಂದೇ ಅಂದುಕೊಂಡ ಹಳದಿ ಗೆರೆ ಎರಡಾಗಿ ಒಡೆಯಬೇಕು: ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್. ಅದನ್ನು ಎರಡನೇ ವರ್ಷದ ವಿದ್ಯಾರ್ಥಿ ತಾನೇ ಹೊಂದಿಸಿ ತೋರಿಸಿದನೆಂದರೆ, ಕಣ್ಣುಮುಚ್ಚಿ ಸೇರಿ.

ಆಮೇಲೆ ನಾಲ್ಕಾರು ಮಂದಿಯ ರೆಕಾರ್ಡ್ ಪುಸ್ತಕ ಪಕ್ಕಪಕ್ಕ ಬಿಡಿಸಿಡಿ. ಲೋಹದ ಪಟ್ಟಿ ತೂಗಾಡಿಸುವ ಬಾರ್ ಪೆಂಡುಲಮ್ ಪ್ರಯೋಗದಲ್ಲಿ ಎಲ್ಲರಿಗೂ ಗುರುತ್ವ ವೇಗೋತ್ಕರ್ಷದ ‘ಜಿ’ ಬೆಲೆ 9.8 ಎಂದೇ ಬಂದಿದ್ದರೆ ಅದು ಕಾಪಿ. ಒಬ್ಬನಿಗೆ 9.6 ಬಂದು, ಯಾಕೆ ಹಾಗಾಯಿತೆಂದು ಪಕ್ಕದಲ್ಲಿ ಬರೆಸಿದ್ದರೆ ಅಲ್ಲಿ ಒಳ್ಳೆಯ ಮೇಷ್ಟ್ರಿದ್ದಾರೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ರೆಕಾರ್ಡ್ ಅಲ್ಲಿ ಓಡಾಡುತ್ತಿದ್ದರೆ ವಾಪಸ್ ಬನ್ನಿ. ಒಂದು ಉಪಕರಣಕ್ಕೆ ಎಷ್ಟು ಮಂದಿ ಎಂಬುದನ್ನೂ ಎಣಿಸಿ. ಇಬ್ಬರಾದರೆ ಸರಿ, ಮೂವರಾದರೆ ಹೇಗೋ ನಡೆದೀತು. ಐವರಾದರೆ ಒಬ್ಬ ಮಾಡುತ್ತಾನೆ, ನಾಲ್ವರು ಬರೆದುಕೊಳ್ಳುತ್ತಾರೆ.

ಹಂತ 4: ಅಧ್ಯಾಪಕರ ಬಗ್ಗೆ ಕಚೇರಿಯಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಸೀನಿಯರ್‌ಗಳನ್ನು ಕೇಳಿ. ಹೋದ ಸೆಮಿಸ್ಟರಿನಲ್ಲಿ ಕ್ವಾಂಟಮ್ ಮೆಕ್ಯಾನಿಕ್ಸ್ ಪೂರ್ತಿ ಮುಗಿಯಿತೇ? ಅತಿಥಿ ಉಪನ್ಯಾಸಕರು ಮಧ್ಯದಲ್ಲಿ ಬದಲಾದರೇ? ಅತಿಥಿ ಉಪನ್ಯಾಸಕರಲ್ಲಿ ಅದ್ಭುತವಾಗಿ ಪಾಠ ಮಾಡುವವರಿದ್ದಾರೆ. ವರ್ಷವರ್ಷವೂ ನೇಮಕ ತಡವಾಗಿ, ಪಾಠ ಅರ್ಧಕ್ಕೆ ನಿಲ್ಲುವುದರಿಂದ ನಷ್ಟವಾಗುವುದು ಮಕ್ಕಳಿಗೆ.

‘ಬಿ.ಎಸ್ಸಿ. ಜೊತೆಗೆ ಐಎಎಸ್ ಕೋಚಿಂಗ್’ ಪ್ಯಾಕೇಜಿಗೆ ಹೆಚ್ಚುವರಿ ಫೀಸು ಕೇಳಿದರೆ ಕೊಡಬೇಡಿ. ಆ ದುಡ್ಡು ಹಾಸ್ಟೆಲಿಗಾದರೂ ಆಗುತ್ತದೆ.

ಹಂತ 5: ಬಸ್ ವೇಳೆ. ಪ್ರಾಕ್ಟಿಕಲ್ಸ್ ಮುಗಿಯುವುದು ಸಂಜೆ. ನಿಮ್ಮೂರಿನ ಕೊನೆಯ ಬಸ್ 4 ಗಂಟೆಗೆ ಹೊರಟರೆ ಪ್ರತಿ ವಾರವೂ ಪ್ರಯೋಗ ಅರ್ಧಕ್ಕೆ ಬಿಟ್ಟು ಓಡಬೇಕಾಗುತ್ತದೆ. ಅಂಥ ಕಾಲೇಜಾದರೆ ಹಾಸ್ಟೆಲ್ ಸಿಕ್ಕಿದ ಮೇಲಷ್ಟೇ ಫೀಸು ಕಟ್ಟಿ.